ಕೆಳಗಿನಿಂದ ಮೇಲಕ್ಕೆ: ಬಿಡಿಭಾಗಗಳಿಂದ ಮಾದರಿ ಉಗಿ ಎಂಜಿನ್ನನ್ನು ಮಾರ್ಪಡಿಸುವ ಕ್ರಮ

ಮೈಸೂರಿನಿಂದ ಬೆಂಗಳೂರಿಗೆ, ಅರಸೀಕೆರೆಗೆ, ಚಾಮರಾಜನಗರಕ್ಕೆ ಒಂದು ಕಾಲದಲ್ಲಿ ಓಡುತ್ತಿದ್ದುದು ಮೀಟರ್ ಗೇಜ್ ರೈಲು, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ರೈಲು. ಬೆಂಗಳೂರಿನ ಮಾರ್ಗ 1990ರ ದಶಕದಲ್ಲಿ ಬ್ರಾಡ್ ಗೇಜ್‌ಗೆ ಬದಲಾಯಿತು. ಚಾಮರಾಜನಗರದ ಮಾರ್ಗ 2000ದ ದಶಕದಲ್ಲೂ ಕೆಲವು ವರ್ಷ ಹಳೆಯ ಅಳತೆಯಲ್ಲೇ ಉಳಿದಿತ್ತು. ಆ ಹಳಿಗಳ ಮೇಲೆ ಓಡಿದಂಥ ಉಗಿ ಎಂಜಿನ್ನೊಂದರ ಮಾದರಿಯನ್ನು ಮನೆಯ ಮೇಜಿನ ಮೇಲೆ ಓಡಿಸಬೇಕೆಂದು ಬಯಸುವವರಿಗೆ ಎದುರಾಗುವ ಮೊದಲ ತೊಡಕೆಂದರೆ, ಅಂಥದ್ದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ತೀರ ಅಪರೂಪ. ದೊಡ್ಡ ತಯಾರಕರು ಅಮೆರಿಕ, ಜರ್ಮನಿ, ಬ್ರಿಟನ್, ಜಪಾನುಗಳ ಎಂಜಿನ್‌ಗಳನ್ನು ಸಾವಿರಗಟ್ಟಲೆ ತಯಾರಿಸುತ್ತಾರೆ. ನಮ್ಮ ಮೀಟರ್ ಗೇಜ್ ಎಂಜಿನ್‌ಗಳಿಗೆ ಆ ಮಟ್ಟದ ಮಾರುಕಟ್ಟೆ ಇಲ್ಲ. ಹೀಗಾಗಿ ಉಳಿಯುವ ದಾರಿ ಒಂದೇ: ಬೇರೊಂದು ದೇಶದ ಎಂಜಿನ್ನಿನ ಮಾದರಿಯನ್ನು ಆಧಾರವಾಗಿ ಇಟ್ಟುಕೊಂಡು, ಬಿಡಿಭಾಗಗಳನ್ನು ಕೂಡಿಸಿ, ಬೇಡವಾದುದನ್ನು ತೆಗೆದು, ಅದನ್ನು ನಮ್ಮ ಎಂಜಿನ್ನಾಗಿ ಮಾರ್ಪಡಿಸುವುದು.

ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರು ಸಾಮಾನ್ಯವಾಗಿ ಮೇಲಿನಿಂದ ಆರಂಭಿಸುತ್ತಾರೆ. ಚಿಮಣಿ, ಗುಮ್ಮಟ, ದೀಪ, ಡ್ರೈವರು ನಿಲ್ಲುವ ಕ್ಯಾಬ್ ಇವು ಕಣ್ಣಿಗೆ ಮೊದಲು ಬೀಳುವ ಭಾಗಗಳಾದ್ದರಿಂದ ಅವನ್ನೇ ಮೊದಲು ಕೊಳ್ಳುತ್ತಾರೆ. ಆಮೇಲೆ ಅವನ್ನು ಹೊರಲು ತಕ್ಕ ಚಾಸಿ, ಅಂದರೆ ಚಕ್ರಗಳಿರುವ ತಳದ ಚೌಕಟ್ಟು, ಹುಡುಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು. ಬಾಯ್ಲರನ್ನು ಹಿಗ್ಗಿಸಬಹುದು, ಕ್ಯಾಬನ್ನು ಹೊಸದಾಗಿ ಕಟ್ಟಬಹುದು, ಚಿಮಣಿಯನ್ನು ಕಿತ್ತು ಬೇರೆಯದನ್ನು ಕೂರಿಸಬಹುದು. ಆದರೆ ಚಕ್ರದ ವ್ಯಾಸ, ಚಕ್ರದಿಂದ ಚಕ್ರಕ್ಕಿರುವ ದೂರ, ಹಳಿಯ ಅಗಲ, ಗೇರಿನ ಹಲ್ಲು ಇವು ಒಂದಕ್ಕೊಂದು ಕಟ್ಟುಬಿದ್ದ ಅಳತೆಗಳು. ಒಂದನ್ನು ಕದಲಿಸಿದರೆ ಉಳಿದ ಮೂರೂ ಕದಲುತ್ತವೆ. ಎಂಜಿನ್ನಿನ ಗುರುತು ಮೇಲೆ ಕಾಣುತ್ತದಾದರೂ ಅದರ ಭವಿಷ್ಯ ನಿರ್ಧಾರವಾಗುವುದು ಕೆಳಗೆ.

ಮೊದಲು ಪ್ರಮಾಣದ ಲೆಕ್ಕವನ್ನು ನೋಡೋಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಎಚ್‌ಒ, ಅಂದರೆ 1:87. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಇದು 1435 ಮಿ.ಮೀ. ಅಗಲದ ಸ್ಟ್ಯಾಂಡರ್ಡ್ ಗೇಜ್‌ಗೆ ಸರಿಹೊಂದುವ ಅಳತೆ. ನಮ್ಮ ಮೀಟರ್ ಗೇಜನ್ನು ಇದೇ ಪ್ರಮಾಣಕ್ಕೆ ಇಳಿಸಿದರೆ 11.5 ಮಿ.ಮೀ. ಬರುತ್ತದೆ. ಯುರೋಪಿನಲ್ಲಿ ಇದಕ್ಕಾಗಿಯೇ 12 ಮಿ.ಮೀ. ಹಳಿಯ ಎಚ್‌ಒಎಂ ಎಂಬ ವರ್ಗ ಇದೆ; ಆದರೆ ಅದರಲ್ಲಿ ಹೆಚ್ಚಾಗಿ ಸಿಗುವುದು ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳು, ಅವುಗಳಲ್ಲೂ ವಿದ್ಯುತ್ ಎಂಜಿನ್‌ಗಳದೇ ಮೇಲುಗೈ. ಆ ಚಾಸಿಗಳಿಂದ ನಮ್ಮ ದೊಡ್ಡ ಉಗಿ ಎಂಜಿನ್ ಹುಟ್ಟುವುದು ಕಷ್ಟ. ಇನ್ನೊಂದು ದಾರಿ, ಹಳಿಯನ್ನು 16.5 ಮಿ.ಮೀ.ನಲ್ಲೇ ಬಿಟ್ಟು ಒಡಲಿನ ಪ್ರಮಾಣವನ್ನು ದೊಡ್ಡದು ಮಾಡುವುದು. 1:64 ಪ್ರಮಾಣದಲ್ಲಿ ಮೀಟರ್ ಗೇಜ್ 15.6 ಮಿ.ಮೀ. ಆಗುತ್ತದೆ. 16.5 ಮಿ.ಮೀ. ಹಳಿ ಅದಕ್ಕಿಂತ ಶೇ. 5.6ರಷ್ಟು ಮಾತ್ರ ಅಗಲ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಮೂರೂವರೆ ಅಡಿ ಗೇಜಿನ ಮಾದರಿಗಳನ್ನು ಮಾಡುವವರು 1:64 ಪ್ರಮಾಣವನ್ನೂ 16.5 ಮಿ.ಮೀ. ಹಳಿಯನ್ನೂ ಜೊತೆಗೂಡಿಸಿ ಬಹಳ ಕಾಲದಿಂದ ಬಳಸುತ್ತ ಬಂದಿದ್ದಾರೆ. ನಮ್ಮ ಮೀಟರ್ ಗೇಜ್‌ಗೂ ಇದನ್ನೇ ಒಪ್ಪಿಕೊಳ್ಳಬಹುದೆಂದು ನಾನು ಭಾವಿಸುತ್ತೇನೆ. ಹಾಗೆ ಒಪ್ಪಿಕೊಂಡ ಕೂಡಲೇ ಎಚ್‌ಒ ಪ್ರಮಾಣದ ಹಳಿ, ಚಕ್ರ, ಮೋಟಾರು, ಬೋಗಿಗಳ ಇಡೀ ಸಂತೆ ನಮಗೆ ತೆರೆದುಕೊಳ್ಳುತ್ತದೆ.

ಈಗ ಯಾವ ಎಂಜಿನ್ನನ್ನು ಮಾಡಬೇಕೆಂಬ ಪ್ರಶ್ನೆ. ಸ್ವಾತಂತ್ರ್ಯಾನಂತರ ದೇಶದ ಮೀಟರ್ ಗೇಜ್ ಜಾಲದ ಬೆನ್ನೆಲುಬಾಗಿದ್ದವು ಎರಡು ವರ್ಗಗಳು: ಪ್ರಯಾಣಿಕರ ಗಾಡಿಗಳಿಗೆ ವೈಪಿ, ಸರಕು ಗಾಡಿಗಳಿಗೆ ವೈಜಿ. 1949ರಿಂದ 1970ರವರೆಗೆ ಒಟ್ಟು 871 ವೈಪಿ ಎಂಜಿನ್‌ಗಳು ತಯಾರಾದವು. ಅವುಗಳಲ್ಲಿ ಮೊದಲಿನವು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದವು, ಕೊನೆಯವು ಜಮ್‌ಶೆಡ್‌ಪುರದ ಟೆಲ್ಕೋದಿಂದ. ವೈಪಿಯ ಚಕ್ರವಿನ್ಯಾಸ 4-6-2: ಮುಂದೆ ನಾಲ್ಕು ಸಣ್ಣ ಚಕ್ರಗಳಿರುವ, ಬೋಗಿ ಎಂದು ಕರೆಯುವ ತಿರುಗು ಚೌಕಟ್ಟು, ನಡುವೆ ಆರು ಚಾಲಕ ಚಕ್ರಗಳು, ಹಿಂದೆ ಎರಡು ಪುಟ್ಟ ಚಕ್ರಗಳು. ಚಾಲಕ ಚಕ್ರದ ವ್ಯಾಸ ನಾಲ್ಕೂವರೆ ಅಡಿ, ಅಂದರೆ 1372 ಮಿ.ಮೀ. ವೈಜಿಯದು 2-8-2 ವಿನ್ಯಾಸ, ಅದರ ಚಾಲಕ ಚಕ್ರ ನಾಲ್ಕು ಅಡಿ.

1372 ಮಿ.ಮೀ.ಯನ್ನು 64ರಿಂದ ಭಾಗಿಸಿದರೆ 21.4 ಮಿ.ಮೀ. ಸಿಗುತ್ತದೆ. ಇನ್ನು ಎಚ್‌ಒ ಪ್ರಮಾಣದಲ್ಲಿ ಯಾವ 4-6-2 ಎಂಜಿನ್ನಿನ ಚಕ್ರ ಇಷ್ಟೇ ಇದೆ ಎಂದು ಹುಡುಕಬೇಕು. ಜರ್ಮನಿಯ 01 ವರ್ಗದ ಚಕ್ರ ನಿಜದಲ್ಲಿ 2000 ಮಿ.ಮೀ., ಎಚ್‌ಒದಲ್ಲಿ 23 ಮಿ.ಮೀ.; ಅದು ದೊಡ್ಡದಾಯಿತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರದ ರೈಲ್ವೆ ಆಡಳಿತ ರೂಪಿಸಿದ ಯುಎಸ್‌ಆರ್‌ಎ ಲೈಟ್ ಪೆಸಿಫಿಕ್ ಎಂಬ ಎಂಜಿನ್ನಿನ ಚಕ್ರ 73 ಅಂಗುಲ, ಅಂದರೆ 1854 ಮಿ.ಮೀ.; ಎಚ್‌ಒ ಪ್ರಮಾಣಕ್ಕೆ ಇಳಿಸಿದರೆ 21.3 ಮಿ.ಮೀ. ನಮಗೆ ಬೇಕಾದ ಅಳತೆಗೂ ಇದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಇದರ ಮೇಲೆ, ವೈಪಿಯ ಮೊದಲ ತಂಡವೇ ಅಮೆರಿಕದಲ್ಲಿ ತಯಾರಾದುದರಿಂದ ಅದರ ಮೈಕಟ್ಟಿನಲ್ಲಿ ಆ ದೇಶದ ಛಾಯೆ ಇದೆ: ಎರಡೇ ಸಿಲಿಂಡರ್, ಎರಡೂ ಹೊರಗಡೆ, ರಾಡುಗಳೆಲ್ಲ ಕಣ್ಣಿಗೆ ಕಾಣುವಂತೆ. ಹೀಗಾಗಿ ಈ ಅಮೆರಿಕನ್ ಪೆಸಿಫಿಕ್‌ನ ಎಚ್‌ಒ ಮಾದರಿ ನಮ್ಮ ವೈಪಿಗೆ ತಕ್ಕ ಆಧಾರವಾಗುತ್ತದೆ. ವೈಜಿಗೆ ಅದೇ ಕುಟುಂಬದ 2-8-2 ಎಂಜಿನ್ನಾದ ಲೈಟ್ ಮಿಕಾಡೊವನ್ನು ನೋಡಬಹುದು; ಅದರ 63 ಅಂಗುಲದ ಚಕ್ರ ಎಚ್‌ಒದಲ್ಲಿ 18.4 ಮಿ.ಮೀ., ವೈಜಿಗೆ 1:64ರಲ್ಲಿ ಬೇಕಾದುದು 19 ಮಿ.ಮೀ. ಚಕ್ರ ಬೇಕಾದುದಕ್ಕಿಂತ ಸ್ವಲ್ಪ ಚಿಕ್ಕದಾಗಿದ್ದರೆ ತೊಂದರೆಯಿಲ್ಲ. ಮಾದರಿ ಚಕ್ರಗಳ ಅಂಚುಪಟ್ಟಿ (ಫ್ಲ್ಯಾಂಜ್) ನಿಜದ್ದಕ್ಕಿಂತ ಆಳವಾಗಿರುವುದರಿಂದ, ಪಕ್ಕಪಕ್ಕದ ಚಕ್ರಗಳು ಒಂದಕ್ಕೊಂದು ತಾಗದಿರಲು ಆ ಕೊರತೆಯೇ ನೆರವಾಗುತ್ತದೆ.

ಚಕ್ರದ ವ್ಯಾಸ ಕೂಡಿಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಚಾಲಕ ಚಕ್ರಗಳ ನಡುವಿನ ದೂರವನ್ನೂ ನೋಡಬೇಕು. ಇಲ್ಲಿ ಮೈಸೂರಿನವರಿಗೆ ಒಂದು ಅನುಕೂಲವಿದೆ. 1979ರಲ್ಲಿ ಆರಂಭವಾದ, ರೈಲು ನಿಲ್ದಾಣದ ಬಳಿಯೇ ಇರುವ ರೈಲು ವಸ್ತುಸಂಗ್ರಹಾಲಯದ ಆವರಣದಲ್ಲಿ ಮೀಟರ್ ಗೇಜ್ ಉಗಿ ಎಂಜಿನ್‌ಗಳು ಬಯಲಲ್ಲೇ ನಿಂತಿವೆ. ಅಲ್ಲಿನ ಸಿಬ್ಬಂದಿಯ ಅನುಮತಿ ಪಡೆದು ಟೇಪು ಹಿಡಿದು ಅಳೆಯಬಹುದು. ನೀವು ಮಾಡಲಿರುವ ವರ್ಗದ ಎಂಜಿನ್ನೇ ಅಲ್ಲಿ ಇರಬೇಕೆಂದಿಲ್ಲ. ಮೆಟ್ಟಿಲಿನ ಅಗಲ, ಕೈಹಿಡಿ ಕಂಬಿಯ ದಪ್ಪ, ಕ್ಯಾಬಿನ ಬಾಗಿಲಿನ ಎತ್ತರ, ರಿವೆಟ್ಟುಗಳ ನಡುವಿನ ಅಂತರ ಇವು ಒಂದು ಮೀಟರ್ ಗೇಜ್ ಎಂಜಿನ್ನಿನಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗುವುದಿಲ್ಲ. ಫೋಟೊದಿಂದ ಅಳತೆ ತೆಗೆಯುವುದಾದರೆ ಎಂಜಿನ್ನಿನ ಪಕ್ಕ ಒಂದು ಮೀಟರ್ ಉದ್ದದ ಕೋಲನ್ನು, ಪ್ರತಿ 10 ಸೆ.ಮೀ.ಗೆ ಕಪ್ಪು ಬಿಳಿ ಬಣ್ಣ ಬಳಿದು, ನೇರವಾಗಿ ನಿಲ್ಲಿಸಿ, ಆದಷ್ಟು ದೂರದಿಂದ ಜೂಮ್ ಮಾಡಿ ತೆಗೆಯಬೇಕು. ಹತ್ತಿರದಿಂದ ತೆಗೆದರೆ ನಡುಭಾಗ ಉಬ್ಬಿ, ತುದಿಗಳು ಕುಗ್ಗಿ, ಅಳತೆ ಕೆಡುತ್ತದೆ. ಚಕ್ರವನ್ನು ಅಳೆಯುವಾಗ ಮತ್ತೊಂದು ಸಂಗತಿ ನೆನಪಿರಲಿ: ಪುಸ್ತಕದಲ್ಲಿರುವ ವ್ಯಾಸ ಹೊಸ ಟೈರಿನದು. ಈ ಟೈರು ಉಕ್ಕಿನ ಬಳೆ. ವರ್ಷಗಟ್ಟಲೆ ಓಡಿ ಸವೆದು, ಕಾರ್ಯಾಗಾರದಲ್ಲಿ ಲೇತಿಗೆ ಹಾಕಿಸಿಕೊಂಡು ಮತ್ತೆ ಸವೆದ ಚಕ್ರ ಟೇಪಿಗೆ ಚಿಕ್ಕದಾಗಿಯೇ ಕಾಣುತ್ತದೆ.

ಇನ್ನು ಈ ಕೆಲಸದ ಅತ್ಯಂತ ಸೂಕ್ಷ್ಮವಾದ ಘಟ್ಟ. ಆಧಾರ ಎಂಜಿನ್ನಿನ ಚಕ್ರಗಳನ್ನು ತೆಗೆದು ಬೇರೆ ಬಿಡಿ ಚಕ್ರಗಳನ್ನು ಹಾಕುವುದಾದರೆ, ಎಡ ಮತ್ತು ಬಲ ಚಕ್ರಗಳಲ್ಲಿ ರಾಡುಗಳನ್ನು ಹಿಡಿಯುವ ಕ್ರ್ಯಾಂಕ್ ಪಿನ್ನುಗಳು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿರಬೇಕು. ಸೈಕಲ್ಲಿನ ಎರಡು ಪೆಡಲುಗಳು 180 ಡಿಗ್ರಿಯಲ್ಲಿರುತ್ತವೆ. ಒಂದು ನೇರ ಮೇಲಕ್ಕೂ ಇನ್ನೊಂದು ನೇರ ಕೆಳಕ್ಕೂ ಇರುವಾಗ ಎರಡನ್ನು ಎಷ್ಟು ಒತ್ತಿದರೂ ಚಕ್ರ ತಿರುಗುವುದಿಲ್ಲ. ಉಗಿ ಎಂಜಿನ್ನಿಗೆ ಆ ಸ್ಥಿತಿ ಬರಬಾರದೆಂದೇ 90 ಡಿಗ್ರಿಯ ಏರ್ಪಾಡು: ಒಂದು ಬದಿಯ ಪಿಸ್ಟನ್ ತುದಿ ಮುಟ್ಟಿ ಬಲವಿಲ್ಲದೆ ನಿಂತಾಗ ಇನ್ನೊಂದು ಬದಿಯದು ಪೂರ್ಣ ಬಲದಿಂದ ತಳ್ಳುತ್ತಿರುತ್ತದೆ. ಮಾದರಿಯಲ್ಲಿ ಪಿಸ್ಟನ್ನಿಗೆ ಬಲವಿಲ್ಲ ನಿಜ. ಮೋಟಾರು ಒಂದು ಆಕ್ಸಲನ್ನು ತಿರುಗಿಸುತ್ತದೆ, ಆ ಆಕ್ಸಲ್ಲು, ಚಾಲಕ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸೈಡ್ ರಾಡುಗಳ ಮೂಲಕ ಉಳಿದವನ್ನು ಎಳೆಯುತ್ತದೆ. ಆದರೆ ನ್ಯಾಯ ಅದೇ. ಎರಡೂ ಬದಿಯ ರಾಡುಗಳು ಏಕಕಾಲಕ್ಕೆ ನೇರವಾದರೆ ಹಿಂದಿನ ಆಕ್ಸಲ್ಲು ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ಸಿಕ್ಕಿಬೀಳುತ್ತದೆ.

ಇಲ್ಲಿ ಗಮನಿಸಬೇಕಾದುದು, 90 ಡಿಗ್ರಿ ಎಂಬ ಸಂಖ್ಯೆಗಿಂತ ಮೂರು ಆಕ್ಸಲ್ಲುಗಳಲ್ಲೂ ಕೋನ ಒಂದೇ ಆಗಿರುವುದು ಮುಖ್ಯ ಎಂಬುದನ್ನು. ಮೂರೂ 88 ಡಿಗ್ರಿಯಲ್ಲಿದ್ದರೆ ಎಂಜಿನ್ ಸರಾಗವಾಗಿ ಓಡುತ್ತದೆ. ಎರಡು 90ರಲ್ಲೂ ಒಂದು 88ರಲ್ಲೂ ಇದ್ದರೆ ಪ್ರತಿ ಸುತ್ತಿಗೂ ಒಮ್ಮೆ ಕುಂಟುತ್ತದೆ. ಇದನ್ನು ಪತ್ತೆಹಚ್ಚಲು ಮೋಟಾರನ್ನು ತೆಗೆದಿಟ್ಟು, ಚಾಸಿಯನ್ನು ಗಾಜಿನ ಹಲಗೆಯ ಮೇಲೆ ಇಟ್ಟು, ಬೆರಳಿನಿಂದ ಮೆಲ್ಲಗೆ ದೂಡಬೇಕು. ಚಕ್ರಗಳು ತಿರುಗದೆ ಜಾರಿದ ಜಾಗದಲ್ಲಿ ರಾಡು ಬಿಗಿಯುತ್ತಿದೆ ಎಂದರ್ಥ. ಆಗ ಒಂದೊಂದು ಬದಿಯ ರಾಡನ್ನು ಬಿಚ್ಚಿ, ಎರಡೆರಡು ಆಕ್ಸಲ್ಲುಗಳನ್ನು ಮಾತ್ರ ಕೂಡಿಸಿ ನೋಡಿದರೆ ತಪ್ಪು ಯಾವ ಜೋಡಿಯಲ್ಲಿದೆ ಎಂಬುದು ತಿಳಿಯುತ್ತದೆ. ಬಿಗಿಯುವ ರಾಡಿನ ರಂಧ್ರವನ್ನು ಅರದಿಂದ ಉಜ್ಜಿ ಹಿಗ್ಗಿಸಿಬಿಡುವುದು ಹಲವರ ಅಭ್ಯಾಸ. ಒಂದೆರಡು ಕೂದಲೆಳೆಯಷ್ಟು ಸಡಿಲ ಬೇಕು, ಒಪ್ಪಬಹುದು. ಅದಕ್ಕಿಂತ ಹೆಚ್ಚಾದರೆ ದೋಷ ಮುಚ್ಚಿಹೋಗುತ್ತದೆಯೇ ಹೊರತು ಹೋಗುವುದಿಲ್ಲ, ಮತ್ತು ನಿಧಾನದ ವೇಗದಲ್ಲಿ ಅದು ಕುಂಟುನಡೆಯಾಗಿ ಹೊರಬೀಳುತ್ತದೆ.

ಚಕ್ರಗಳು ಸರಿಯಾಗಿ ತಿರುಗಿದ ಬಳಿಕವೇ ಸಿಲಿಂಡರ್, ಕ್ರಾಸ್‌ಹೆಡ್ ಮತ್ತು ವಾಲ್ವ್ ಗೇರಿನ ಕಡೆಗೆ ತಿರುಗಬೇಕು. ವೈಪಿಯಲ್ಲಿರುವುದು ವಾಲ್‌ಶಾರ್ಟ್ಸ್ ಎಂಬ ವ್ಯವಸ್ಥೆ. ನೋಡಲು ಗೋಜಲಾಗಿ ಕಂಡರೂ ಅದರಲ್ಲಿ ಕೂಡುವುದು ಎರಡೇ ಚಲನೆಗಳು. ಚಕ್ರದ ಕ್ರ್ಯಾಂಕ್ ಪಿನ್ನಿನ ಹೊರತುದಿಗೆ ಬಿಗಿದ ರಿಟರ್ನ್ ಕ್ರ್ಯಾಂಕ್ ಎಂಬ ಪುಟ್ಟ ತೋಳು ಒಂದು ರಾಡಿನ ಮೂಲಕ ಬಾಗಿದ ಲಿಂಕನ್ನು ಹಿಂದೆ ಮುಂದೆ ತೂಗಿಸುತ್ತದೆ. ಪಿಸ್ಟನ್ನಿನ ಜೊತೆಗೇ ಸರಿಯುವ ಕ್ರಾಸ್‌ಹೆಡ್ ಇನ್ನೊಂದು ನಿಂತ ತೋಳನ್ನು ಎಳೆಯುತ್ತದೆ. ಈ ಎರಡೂ ಸೇರಿ ವಾಲ್ವನ್ನು ಸರಿಸಿ, ಉಗಿ ಸಿಲಿಂಡರಿನ ಯಾವ ತುದಿಗೆ ಯಾವಾಗ ಹೋಗಬೇಕೆಂಬುದನ್ನು ನಿರ್ಣಯಿಸುತ್ತವೆ. ಮಾದರಿಯಲ್ಲಿ ಇವು ಶೋಭೆಗೆ ಮಾತ್ರ. ಆದರೆ ತಪ್ಪಾಗಿ ಕೂರಿಸಿದರೆ ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸಾಮಾನ್ಯವಾಗಿ ಕಾಣುವ ದೋಷವೆಂದರೆ ಒಂದು ಬದಿಯ ರಿಟರ್ನ್ ಕ್ರ್ಯಾಂಕ್ ಮುಂದಕ್ಕೂ ಇನ್ನೊಂದು ಬದಿಯದು ಹಿಂದಕ್ಕೂ ವಾಲಿರುವುದು. ಪ್ರತಿ ಬದಿಯ ಪಿನ್ನನ್ನು ನೇರ ಕೆಳಕ್ಕೆ ತಂದು ನೋಡಿದಾಗ ಎರಡೂ ಒಂದೇ ದಿಕ್ಕಿಗೆ ವಾಲಿರಬೇಕು. ಯಾವ ದಿಕ್ಕು ಎಂಬುದನ್ನು ಅದೇ ವರ್ಗದ ಎಂಜಿನ್ನಿನ ಫೋಟೊ ನೋಡಿ ಖಚಿತಪಡಿಸಿಕೊಳ್ಳಬೇಕು. ಬಿಡಿಯಾಗಿ ಸಿಗುವ ವಾಲ್ವ್ ಗೇರ್ ಜೋಡಣೆಯನ್ನು ಕೊಳ್ಳುವಾಗ ಕ್ರ್ಯಾಂಕಿನ ಉದ್ದವನ್ನು, ಅಂದರೆ ಚಕ್ರದ ನಡುವಿನಿಂದ ಪಿನ್ನಿಗೆ ಇರುವ ದೂರವನ್ನು, ಮೊದಲು ಹೊಂದಿಸಿ ನೋಡಿ. ಕ್ರಾಸ್‌ಹೆಡ್ ಓಡಾಡುವ ದೂರ ಅದರ ಎರಡರಷ್ಟು. ಅದು ಜಾರುವ ಗೈಡು ಪಟ್ಟಿ ಅಷ್ಟಕ್ಕೆ ಸಾಲದಿದ್ದರೆ ಕ್ರಾಸ್‌ಹೆಡ್ಡು ಪ್ರತಿ ಸುತ್ತಿಗೂ ಸಿಲಿಂಡರಿಗೆ ಬಡಿಯುತ್ತದೆ.

ಮೋಟಾರು ಮತ್ತು ಗೇರಿನ ಬಗ್ಗೆ ಒಂದು ಸಣ್ಣ ಲೆಕ್ಕ ಸಾಕು. ನಿಜವಾದ ಎಂಜಿನ್ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎನ್ನಿ. 1:64ರಲ್ಲಿ ಅದು ಸೆಕೆಂಡಿಗೆ 26 ಸೆ.ಮೀ. ನಮ್ಮ 21.4 ಮಿ.ಮೀ. ಚಕ್ರದ ಸುತ್ತಳತೆ 67 ಮಿ.ಮೀ.; ಹಾಗಾಗಿ ಚಕ್ರ ನಿಮಿಷಕ್ಕೆ ಸುಮಾರು 230 ಸುತ್ತು ತಿರುಗಬೇಕು. ಮೋಟಾರಿನ ತಿರುಪಿನಾಕಾರದ ವರ್ಮ್ ಗೇರಿನ ಅನುಪಾತ 40:1 ಇದ್ದರೆ ಮೋಟಾರು ನಿಮಿಷಕ್ಕೆ 9,200ರಷ್ಟು ಸುತ್ತು ತಿರುಗುತ್ತದೆ. 12 ವೋಲ್ಟಿನ ಸಣ್ಣ ಮೋಟಾರುಗಳಿಗೆ ಇದು ನಿಭಾಯಿಸಬಹುದಾದ ವೇಗ, ಕೆಳಗಿನ ವೇಗಗಳಲ್ಲೂ ಹಿಡಿತ ಇರುತ್ತದೆ. ಅನುಪಾತ 20:1 ಆದರೆ ಎಂಜಿನ್ ಹೊರಡುವಾಗಲೇ ಹಾರುತ್ತದೆ. ಹಳೆಯ ತೆರೆದ ಚೌಕಟ್ಟಿನ ಮೋಟಾರಿನ ಜಾಗದಲ್ಲಿ ಐದು ಧ್ರುವದ ಮುಚ್ಚಿದ ಮೋಟಾರನ್ನು ಹಾಕುವುದು ಹಣಕ್ಕೆ ತಕ್ಕ ಫಲ ಕೊಡುವ ಬದಲಾವಣೆ.

ಹಳೆಯ ಮಾದರಿಗಳನ್ನು ಬಿಡಿಭಾಗಕ್ಕಾಗಿ ಕೊಳ್ಳುವವರು ಒಂದು ರೋಗದ ಬಗ್ಗೆ ತಿಳಿದಿರಲೇಬೇಕು. ಅನೇಕ ಚಾಸಿಗಳು ಸತುವಿನ ಮಿಶ್ರಲೋಹದ ಎರಕ. ಎರಕ ಹೊಯ್ಯುವಾಗ ಅದರಲ್ಲಿ ಸೀಸ ಅಥವಾ ತವರದ ಅಂಶ ತುಸು ಬೆರೆತುಹೋಗಿದ್ದರೆ, ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಹಿಗ್ಗುತ್ತದೆ, ಬಿರಿಯುತ್ತದೆ, ಕೊನೆಗೆ ಒಣ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ, ಅಂಟು, ಬೆಸುಗೆ, ಬಣ್ಣ ಯಾವುದೂ ಅದನ್ನು ತಡೆಯದು. ಕೊಳ್ಳುವ ಮುನ್ನ ಚಾಸಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಬಾಗಿದೆಯೇ ಎಂದು ನೋಡಬೇಕು, ಸ್ಕ್ರೂ ರಂಧ್ರಗಳ ಸುತ್ತ ಕೂದಲಿನಂಥ ಬಿರುಕುಗಳಿವೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕಬೇಕು. ಹೊರದೇಶದಿಂದ ತರಿಸುವಾಗ ಸಾಗಣೆ, ಸುಂಕ ಎಲ್ಲ ಸೇರಿ ಬೆಲೆ ಏರುವುದರಿಂದ, ತಳಭಾಗದ ಸ್ಪಷ್ಟ ಫೋಟೊ ಕೊಡದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು.

ಕೆಳಗಿನ ಕೆಲಸ ಮುಗಿದು ಚಾಸಿ ತಾನೇ ತಾನಾಗಿ ಓಡತೊಡಗಿದ ಮೇಲೆ ಒಡಲಿನ ಸರದಿ. ಇಲ್ಲಿ ನಿಯಮ ತಿರುಗುಮುರುಗಾಗುತ್ತದೆ. ಕೆಳಗೆ ನಾವು ಮಾದರಿ ಯಂತ್ರದ ಅಳತೆಗೆ ತಲೆಬಾಗಿದೆವು. ಮೇಲೆ ಮನುಷ್ಯನ ಅಳತೆಗೆ ತಲೆಬಾಗಬೇಕು. ಕಾರಣ ಇಷ್ಟೆ: ಬಾಯ್ಲರು, ಗುಮ್ಮಟ, ಚಕ್ರ ಇವು ಬರಿಯ ಉರುಳೆ ಮತ್ತು ವೃತ್ತಗಳು, ಯಾವ ಪ್ರಮಾಣದಲ್ಲಿವೆ ಎಂಬ ಗುಟ್ಟನ್ನು ಅವು ಬಿಟ್ಟುಕೊಡುವುದಿಲ್ಲ. ಬಾಗಿಲು, ಮೆಟ್ಟಿಲು, ಕಿಟಕಿ, ಕೈಹಿಡಿ, ಕಲ್ಲಿದ್ದಲಿನ ತುಂಡು ಇವು ಬಿಟ್ಟುಕೊಡುತ್ತವೆ. 1.7 ಮೀಟರ್ ಎತ್ತರದ ಮನುಷ್ಯ ಎಚ್‌ಒದಲ್ಲಿ 19.5 ಮಿ.ಮೀ., 1:64ರಲ್ಲಿ 26.6 ಮಿ.ಮೀ. ಆಧಾರ ಎಂಜಿನ್ನಿನ ಕ್ಯಾಬನ್ನು ಹಾಗೆಯೇ ಉಳಿಸಿಕೊಂಡರೆ ನಮ್ಮ ಡ್ರೈವರು ಅದರೊಳಗೆ ಬಗ್ಗಿ ನಿಲ್ಲಬೇಕಾದೀತು. ಆದ್ದರಿಂದ ಕ್ಯಾಬ್, ಮೆಟ್ಟಿಲು, ಕೈಹಿಡಿಗಳನ್ನು ಹೊಸದಾಗಿ 1:64ಕ್ಕೆ ಕಟ್ಟಲೇಬೇಕು. ಗುಮ್ಮಟ, ಸೇಫ್ಟಿ ವಾಲ್ವ್, ಸೀಟಿ, ಬ್ರೇಕಿನ ಪಂಪು ಮುಂತಾದವನ್ನು ಎಚ್‌ಒ ಅಥವಾ ಬ್ರಿಟಿಷ್ 1:76 ಪ್ರಮಾಣದ ಬಿಡಿಭಾಗಗಳಲ್ಲೇ ಅಳತೆ ನೋಡಿ ಆರಿಸಿಕೊಳ್ಳಬಹುದು. ಪೊಟ್ಟಣದ ಮೇಲೆ ಬರೆದ ಎಂಜಿನ್ನಿನ ಹೆಸರನ್ನು ನಂಬಬೇಡಿ, ಕ್ಯಾಲಿಪರನ್ನು ನಂಬಿ. ಬೇರೊಂದು ದೇಶದ ದೊಡ್ಡ ಎಂಜಿನ್ನಿನ ಗುಮ್ಮಟ ನಮ್ಮ ಎಂಜಿನ್ನಿಗೆ ಸರಿಹೋಗಬಹುದು.

ಬಾಯ್ಲರಿನ ವ್ಯಾಸ ಬೇಕಾದುದಕ್ಕಿಂತ ಕಡಿಮೆಯಿದ್ದರೆ ತೆಳು ಹಿತ್ತಾಳೆ ತಗಡನ್ನು ಸುತ್ತಿ ಹಿಗ್ಗಿಸಬಹುದು. ಹೆಚ್ಚಿದ್ದರೆ ಹೊಸ ಕೊಳವೆಯಿಂದಲೇ ಆರಂಭಿಸುವುದು ಮೇಲು. ಮೀಟರ್ ಗೇಜ್ ಎಂಜಿನ್ನಿನ ಒಡಲು ಹಳಿಯ ಅಂತರಕ್ಕೆ ಹೋಲಿಸಿದರೆ ಸ್ಟ್ಯಾಂಡರ್ಡ್ ಗೇಜಿನದಕ್ಕಿಂತ ಹೆಚ್ಚು ಅಗಲವಾದ್ದರಿಂದ ಬಾಯ್ಲರಿನ ಬದಿಯ ನಡೆಹಲಗೆಯನ್ನೂ ಅಗಲಿಸಬೇಕಾಗುತ್ತದೆ. ಮುಂಭಾಗದಲ್ಲಿ ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ನಮ್ಮ ಬ್ರಾಡ್ ಗೇಜ್ ಉಗಿ ಎಂಜಿನ್ನುಗಳಿಗೆ ಎರಡು ಬದಿಗೆ ಎರಡು ಬಫರುಗಳು, ನಡುವೆ ತಿರುಪಿನ ಕೊಂಡಿ. ಮೀಟರ್ ಗೇಜಿನಲ್ಲಿ ಬದಿಯ ಬಫರುಗಳೇ ಇಲ್ಲ. ನಡುವೆ ಒಂದೇ ಬಫರು, ಕೊಕ್ಕೆಯೂ ಅದರಲ್ಲೇ. ಬ್ರಾಡ್ ಗೇಜಿನ ಫೋಟೊ ನೋಡಿ ಮೀಟರ್ ಗೇಜಿನ ಎಂಜಿನ್ನಿಗೆ ಎರಡು ಬಫರು ಹಾಕಿರುವ ಮಾದರಿಗಳನ್ನು ಪ್ರದರ್ಶನಗಳಲ್ಲಿ ನೋಡಿದ್ದೇನೆ. ಉಳಿದ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅಷ್ಟರಿಂದಲೇ ಅದು ಯಾವ ಊರಿನದೂ ಅಲ್ಲದ ಎಂಜಿನ್ನಾಗಿಬಿಡುತ್ತದೆ. ಅಮೆರಿಕನ್ ಆಧಾರದಲ್ಲಿರುವ ಗೆಣ್ಣು ಕೊಂಡಿಯನ್ನು ತೆಗೆದು, ನಡುವಿನ ಬಫರನ್ನೂ ಕೊಕ್ಕೆಯನ್ನೂ ಹಿತ್ತಾಳೆಯಲ್ಲಿ ಮಾಡಿ ಹಾಕುವುದು ಬಲು ದೊಡ್ಡ ಕೆಲಸವೇನಲ್ಲ.

ಬಿಡಿಭಾಗಗಳು ಯಾವ ವಸ್ತುವಿನಿಂದ ಆಗಿವೆ ಎಂಬುದರ ಮೇಲೆ ಅವನ್ನು ಕೂಡಿಸುವ ಬಗೆ ನಿಂತಿದೆ. ಮೇಣದ ಅಚ್ಚಿನಿಂದ ಎರಕ ಹೊಯ್ದ ಹಿತ್ತಾಳೆಯ ಭಾಗಗಳು ಗಟ್ಟಿ, ನಯ, ಬೆಲೆ ಹೆಚ್ಚು. ಇವನ್ನು ಸಾಮಾನ್ಯ ಬೆಸುಗೆಯಿಂದ ಕೂಡಿಸಬಹುದು. ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹವಾದ ವೈಟ್ ಮೆಟಲ್ಲಿನ ಭಾಗಗಳು ಅಗ್ಗ, ಆದರೆ ಸಾಮಾನ್ಯ ಬೆಸುಗೆ ಕಡ್ಡಿ ಮುಟ್ಟಿಸಿದರೆ ಕಣ್ಣೆದುರೇ ಕರಗಿ ಮುದ್ದೆಯಾಗುತ್ತವೆ. ಅವಕ್ಕೆ 70 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ವಿಶೇಷ ಬೆಸುಗೆ ಲೋಹವಿದೆ. ಈ ಲೋಹ ಹಿತ್ತಾಳೆಯನ್ನು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ವೈಟ್ ಮೆಟಲನ್ನು ಹಿತ್ತಾಳೆಗೆ ಕೂಡಿಸಬೇಕಾದಾಗ ಹಿತ್ತಾಳೆಯ ಮೇಲ್ಮೈಗೆ ಮೊದಲು ಸಾಮಾನ್ಯ ಬೆಸುಗೆಯ ತೆಳು ಪದರ ಹಾಕಿ, ಅದು ಆರಿದ ಮೇಲೆ ಕಡಿಮೆ ಶಾಖದ ಬೆಸುಗೆಯಿಂದ ಕೂಡಿಸಬೇಕು. ಆಮ್ಲದಿಂದ ಕೊರೆದ ತೆಳು ತಗಡಿನ ಹಾಳೆಗಳಲ್ಲಿ ಮಡಿಕೆಯ ಗೆರೆಗಳನ್ನು ಅರ್ಧದಷ್ಟು ಆಳಕ್ಕೆ ಕೊರೆದಿರುತ್ತಾರೆ. ಸಾಮಾನ್ಯವಾಗಿ ಆ ಗೆರೆ ಮಡಿಕೆಯ ಒಳಬದಿಗೆ ಬರುವಂತೆ ಮಡಿಸಬೇಕು. ಕ್ಯಾಬಿನ ಗೋಡೆಗೂ ಮೆಟ್ಟಿಲಿಗೂ ಇದಕ್ಕಿಂತ ಒಳ್ಳೆಯ ಸಾಮಗ್ರಿಯಿಲ್ಲ. ಈಚೆಗೆ 3ಡಿ ಮುದ್ರಣದ ರೆಸಿನ್ ಭಾಗಗಳು ಬಂದಿವೆ. ನಮ್ಮಲ್ಲಿ ಸಿಗದ ಭಾರತೀಯ ಭಾಗಗಳನ್ನು, ಅಂದರೆ ಹೆಡ್‌ಲೈಟಿನ ಗೂಡು, ಎಂಜಿನ್ನಿನ ಹಿಂದೆ ಕಲ್ಲಿದ್ದಲು ನೀರು ಹೊರುವ ಟೆಂಡರಿನ ಬದಿ, ದನಗಳನ್ನು ಸರಿಸುವ ಮುಂಗಡೆಯ ಜಾಲರಿ ಇಂಥವನ್ನು ಬಿಡಿಸಿಕೊಂಡು ಮುದ್ರಿಸಿಕೊಳ್ಳಲು ಇದು ದೊಡ್ಡ ವರ. ಆದರೆ ತೆಳು ರೆಸಿನ್ ಪೆಡಸು, ಬೇಗ ಮುರಿಯುತ್ತದೆ. ಕೈಹಿಡಿ ಕಂಬಿಯಂಥ ಸಣಕಲು ಭಾಗಗಳಿಗೆ ತಂತಿಯೇ ಸರಿ.

ಇವಕ್ಕೆ ಬೇಕಾದ ಹತ್ಯಾರುಗಳು ಹವ್ಯಾಸದ ಅಂಗಡಿಯಲ್ಲೇ ಇರಬೇಕೆಂದಿಲ್ಲ. ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಚಿಮಟ, ಸಣ್ಣ ಅರ, ಕೂದಲೆಳೆಯಂಥ ಗರಗಸದ ಅಲಗು, ಬೆರಳಲ್ಲಿ ತಿರುಗಿಸುವ ಡ್ರಿಲ್ಲು ಎಲ್ಲವೂ ಸಿಗುತ್ತವೆ. ಬಿಗಿದ ಪಿನ್ನು ತೆಗೆಯುವುದು, ಸವೆದ ರಂಧ್ರಕ್ಕೆ ಬುಷ್ ಹಾಕುವುದು ಮೊದಲಾದ ಕೆಲಸಗಳನ್ನು ಗಡಿಯಾರ ರಿಪೇರಿಯವರಿಂದ ಕಲಿತಷ್ಟು ಬೇರೆಲ್ಲೂ ಕಲಿಯಲಾಗದು.

ತೂಕದ ವಿಷಯ ಹಲವರಿಗೆ ಕೊನೆಗೆ ನೆನಪಾಗುತ್ತದೆ. ಲೋಹದ ಚಕ್ರ ಲೋಹದ ಹಳಿಯನ್ನು ಹಿಡಿಯುವ ಬಲ ಚಾಲಕ ಚಕ್ರಗಳ ಮೇಲಿನ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟಿರುತ್ತದೆ. 300 ಗ್ರಾಂ ಇದ್ದರೆ 60ರಿಂದ 75 ಗ್ರಾಂ ಎಳೆತ. 4-6-2ರಲ್ಲಿ ಮುಂದೆಯೂ ಹಿಂದೆಯೂ ಎಳೆಯದ ಚಕ್ರಗಳಿರುವುದರಿಂದ ತೂಕವನ್ನು ಎಲ್ಲೆಂದರಲ್ಲಿ ತುಂಬುವಂತಿಲ್ಲ. ಎಂಜಿನ್ನನ್ನು ಒಂದು ಪೆನ್ಸಿಲಿನ ಮೇಲೆ ಅಡ್ಡವಾಗಿ ಇಟ್ಟಾಗ ನಡುವಿನ ಚಾಲಕ ಆಕ್ಸಲ್ಲಿನ ನೇರಕ್ಕೆ ಅದು ತೂಗಿ ನಿಲ್ಲಬೇಕು. ಬಾಯ್ಲರಿನೊಳಗೆ ಸೀಸದ ಗುಂಡುಗಳನ್ನು ತುಂಬುವ ರೂಢಿಯಿದೆ. ಅವನ್ನು ಮರಗೆಲಸದ ಬಿಳಿ ಅಂಟಿನಿಂದ ಹಿಡಿಸಲೇಬೇಡಿ. ಆ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ತಿಂದು ಬಿಳಿಯ ಕಾರ್ಬೊನೇಟ್ ಆಗಿಸುತ್ತದೆ. ಅದು ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಕೆಲವು ವರ್ಷಗಳಲ್ಲಿ ಬಾಯ್ಲರು ಹೊಲಿಗೆಯ ಉದ್ದಕ್ಕೂ ಬಿರಿಯುತ್ತದೆ. ಎಪಾಕ್ಸಿ ಅಂಟಾದರೆ ಈ ಭಯವಿಲ್ಲ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು, ಆ ಕೆಲಸ ಅಡುಗೆಮನೆಯ ಕಟ್ಟೆಯ ಮೇಲೆ ಆಗಬಾರದು.

ಡಿಸಿಸಿ ಎಂಬ ಅಂಕೀಯ ನಿಯಂತ್ರಣವನ್ನು ಅಳವಡಿಸುವವರು ಒಂದು ಸಂಗತಿಯಲ್ಲಿ ಎಚ್ಚರ ವಹಿಸಿದರೆ ಉಳಿದುದು ಸುಲಭ. ಹಳೆಯ ಮಾದರಿಗಳಲ್ಲಿ ಮೋಟಾರಿನ ಒಂದು ಬ್ರಷ್ಷು ನೇರವಾಗಿ ಚಾಸಿಗೆ, ಅದರ ಮೂಲಕ ಹಳಿಗೆ ಕೂಡಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್, ಅಂದರೆ ಡಿಸಿಸಿ ಆದೇಶಗಳನ್ನು ಓದಿ ಮೋಟಾರನ್ನು ನಡೆಸುವ ಪುಟ್ಟ ಸರ್ಕ್ಯೂಟು, ಜೋಡಿಸಿದರೆ ಅದು ಮೊದಲ ಕ್ಷಣದಲ್ಲೇ ಸುಡುತ್ತದೆ. ಮಲ್ಟಿಮೀಟರಿನಿಂದ ಎರಡೂ ಬ್ರಷ್ಷುಗಳಿಗೂ ಚಾಸಿಗೂ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕೆಂಪು ಮತ್ತು ಕಪ್ಪು ತಂತಿಗಳನ್ನು ಹಳಿಯ ಸಂಪರ್ಕಕ್ಕೆ, ಕಿತ್ತಳೆ ಮತ್ತು ಬೂದು ತಂತಿಗಳನ್ನು ಮೋಟಾರಿಗೆ, ಬಿಳಿಯದನ್ನು ಮುಂದಿನ ದೀಪಕ್ಕೆ, ಹಳದಿಯದನ್ನು ಹಿಂದಿನ ದೀಪಕ್ಕೆ, ನೀಲಿಯದನ್ನು ದೀಪಗಳೆರಡರ ಧನ ತುದಿಗೆ ಕೊಡಬೇಕು. ಡಿಕೋಡರಿಗೆ ಬಾಯ್ಲರಿಗಿಂತ ಟೆಂಡರೇ ಒಳ್ಳೆಯ ಜಾಗ. ವೈಪಿಯ ಟೆಂಡರು ಎಂಟು ಚಕ್ರಗಳದಾದ್ದರಿಂದ ಹಳಿಯಿಂದ ವಿದ್ಯುತ್ ಎತ್ತಿಕೊಳ್ಳಲೂ ಅನುಕೂಲ.

ಬಣ್ಣ ಹಚ್ಚುವ ಮೊದಲೇ ಎಂಜಿನ್ನನ್ನು ಪೂರ್ತಿ ಜೋಡಿಸಿ, ನಿಮ್ಮಲ್ಲಿರುವ ಅತ್ಯಂತ ಬಿಗಿಯಾದ ತಿರುವಿನಲ್ಲಿ ಎರಡೂ ದಿಕ್ಕಿಗೆ ಓಡಿಸಿ ನೋಡಬೇಕು. ಮುಂದಿನ ಬೋಗಿಯ ಹಿಂಬದಿ ಚಕ್ರ ಸಿಲಿಂಡರಿಗೆ ತಾಗುವುದು ಈ ಹಂತದಲ್ಲಿ ಕಾಣುವ ಸಾಮಾನ್ಯ ದೋಷ. ಸಿಲಿಂಡರಿನ ಒಳಮೈಯನ್ನು ಅರದಿಂದ ಸವೆಸಬಹುದು, ಅಥವಾ ಬೋಗಿಗೆ ಒಂದು ಮಿ.ಮೀ.ನಷ್ಟು ಚಿಕ್ಕ ಚಕ್ರ ಹಾಕಬಹುದು; ಎರಡೂ ಆಗದಿದ್ದರೆ ತಿರುವನ್ನೇ ಹಿಗ್ಗಿಸಬೇಕು. ದೊಡ್ಡ ಪ್ರಮಾಣದ ಎಂಜಿನ್ನನ್ನು ಚಿಕ್ಕ ಪ್ರಮಾಣದ ಹಳಿಯ ಮೇಲೆ ಓಡಿಸುವಾಗ ಕೊನೆಯ ಉಪಾಯವೇ ಹಲವು ಸಲ ಮೊದಲನೆಯದಾಗಿರಬೇಕಿತ್ತು ಎನ್ನಿಸುತ್ತದೆ.

ಬಣ್ಣಕ್ಕೆ ಮುನ್ನ ಹಿತ್ತಾಳೆಯ ಮೇಲಿನ ಬೆಸುಗೆಯ ಜಿಡ್ಡು, ಬೆರಳಿನ ಎಣ್ಣೆ ಪೂರ್ಣವಾಗಿ ಹೋಗಬೇಕು. ದೇವರ ಮನೆಯ ಹಿತ್ತಾಳೆ ಪಾತ್ರೆಗೆ ಬಳಸುವ ಹುಣಸೆ ರಸ ಇಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ, ಅನಂತರ ಬರಿಯ ನೀರಿನಿಂದ ಮೂಲೆಮೂಲೆಯನ್ನೂ ತೊಳೆಯದಿದ್ದರೆ ಉಳಿದ ಹುಳಿ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ಲೋಹಕ್ಕೆ ಕಚ್ಚುವ ಪ್ರೈಮರ್ ಮೊದಲು, ಕಪ್ಪು ಬಣ್ಣ ಆಮೇಲೆ. ಅಪ್ಪಟ ಕಪ್ಪು ಸಣ್ಣ ಮಾದರಿಯ ಮೇಲೆ ವಿವರಗಳನ್ನೆಲ್ಲ ನುಂಗಿಬಿಡುವುದರಿಂದ ಅದಕ್ಕೆ ತುಸು ಬೂದು ಬೆರೆಸುವುದು ಒಳ್ಳೆಯದು. ವಸ್ತುಸಂಗ್ರಹಾಲಯದಲ್ಲಿ ಅಳತೆ ತೆಗೆದುಕೊಳ್ಳಿ, ಬಣ್ಣವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬೇಡಿ. ಪ್ರದರ್ಶನದ ಎಂಜಿನ್ನುಗಳಿಗೆ ನೋಡುಗರಿಗಾಗಿ ಮತ್ತೆ ಮತ್ತೆ ಹೊಳಪಿನ ಬಣ್ಣ ಬಳಿದಿರುತ್ತಾರೆ, ದುಡಿಯುವ ಎಂಜಿನ್ನು ಹಾಗಿರುತ್ತಿರಲಿಲ್ಲ. ಕ್ಯಾಬಿನ ಬದಿಯ ಸಂಖ್ಯೆಯನ್ನೂ ಅಕ್ಷರಗಳನ್ನೂ ಆ ಕಾಲದ ಫೋಟೊ ನೋಡಿಯೇ ಬರೆಸಬೇಕು.

ಬಣ್ಣ ಒಣಗಿದ ಮೇಲೆ ಚಕ್ರದ ಓಡುಮೈಗೆ ಅಂಟಿದ ಬಣ್ಣವನ್ನು ಪೂರ್ತಿ ಒರೆಸಿ, ಆಕ್ಸಲ್ಲಿಗೂ ರಾಡಿನ ಪಿನ್ನಿಗೂ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆಯನ್ನು ಸೂಜಿಮೊನೆಯಿಂದ ಒಂದೊಂದೇ ಹನಿ ಹಾಕಬೇಕು. ವರ್ಮ್ ಗೇರಿಗೆ ಎಣ್ಣೆಯ ಬದಲು ಗ್ರೀಸು. ಅನಂತರ ಹಿಂದೆ ಗಾಡಿ ಕಟ್ಟದೆ ಮಧ್ಯಮ ವೇಗದಲ್ಲಿ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ, ಕಪ್ಪಾಗಿ ಹೊರಬಂದ ಎಣ್ಣೆಯನ್ನು ಒರೆಸಿ ಹೊಸದು ಹಾಕಿದ ಮೇಲೆ ಗಾಡಿ ಕಟ್ಟಬಹುದು.